ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್ ಬೋಲ್ಟುಗಳನ್ನು ಜೋಡಿಸುವ ಕ್ರಮ

ಹುಬ್ಬಳ್ಳಿಯಿಂದ ಗದಗಿಗೆ ಹೋಗುತ್ತಿದ್ದಾಗ, ಅಣ್ಣಿಗೇರಿ ಹತ್ತಿರವಾಗುವ ಹೊತ್ತಿಗೆ, ನನ್ನ ಕಾರಿನ ಮುಂದಿನ ಎಡಗಾಲಿಯ ಕಡೆಯಿಂದ ‘ಕಟಕ್’ ಎಂಬ ಸಪ್ಪಳ ಕೇಳಿಸತೊಡಗಿತು. ಬ್ರೇಕ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಇನ್ನೊಮ್ಮೆ, ರಸ್ತೆಯ ತಗ್ಗಿಗೆ ಗಾಲಿ ಇಳಿದಾಗಲೆಲ್ಲ ಮತ್ತೊಮ್ಮೆ. ಮೂರು ದಿನಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳನ್ನು ಹೊಸದಾಗಿ ಹಾಕಿಸಿದ್ದೆ. ಮನೆಗೆ ಮರಳಿ ಗಾಲಿ ಬಿಚ್ಚಿ ನೋಡಿದಾಗ ಶಾಕ್ ಅಬ್ಸಾರ್ಬರ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಹಿಡಿದಿಡುವ ಕೆಳಗಿನ ಎರಡು ಬೋಲ್ಟುಗಳಲ್ಲಿ ಮೇಲಿನದರ ನಟ್ಟು ಸಡಿಲಾಗಿತ್ತು. ಅದರ ಸುತ್ತ ಕೆಂಗಂದು ಬಣ್ಣದ ನುಣುಪು ಪುಡಿ ಕೂತಿತ್ತು. ಎರಡು ಉಕ್ಕಿನ ಮೈಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿವೆ ಎಂಬುದಕ್ಕೆ ಆ ಪುಡಿಯೇ ಸಾಕ್ಷಿ.

ಸಾವಿರಾರು ರೂಪಾಯಿ ಕೊಟ್ಟು ಶಾಕ್ ಅಬ್ಸಾರ್ಬರ್ ಆರಿಸುವಾಗ ನಾವು ಹತ್ತು ಜನರನ್ನು ಕೇಳುತ್ತೇವೆ, ಆದರೆ ಅದನ್ನು ಹಿಡಿದಿಡುವ ಬೋಲ್ಟುಗಳ ಬಗ್ಗೆ ಯಾರನ್ನೂ ಕೇಳುವುದಿಲ್ಲ. ಸ್ವತಃ ಪಾನಾ ಹಿಡಿದು ಈ ಕೆಲಸ ಮಾಡಬಯಸುವವರಿಗೂ, ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತು ಮಾಡಿಸಬಯಸುವವರಿಗೂ ಉಪಯೋಗವಾಗಲೆಂದು ಆ ಬೋಲ್ಟುಗಳ ಜೋಡಣೆಯ ಕ್ರಮವನ್ನಷ್ಟೇ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಬೋಲ್ಟು ಮಾಡುವ ಕೆಲಸ ಯಾವುದು

ಆಲ್ಟೊ, ವ್ಯಾಗನ್‌ಆರ್, ಸ್ವಿಫ್ಟ್, ಐ10 ಮುಂತಾದ ಸಣ್ಣ ಕಾರುಗಳ ಮುಂಭಾಗದಲ್ಲಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ವ್ಯವಸ್ಥೆ. ಇದರಲ್ಲಿ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಎರಡೂ ಸೇರಿ ಒಂದೇ ಕಂಬವಾಗಿರುತ್ತವೆ. ಕಂಬದ ಮೇಲ್ತುದಿಯನ್ನು ಬಾನೆಟ್ಟಿನ ಕೆಳಗಿರುವ ಗುಮ್ಮಟದಂಥ ಜಾಗಕ್ಕೆ ಸಾಮಾನ್ಯವಾಗಿ ಎರಡು ಅಥವಾ ಮೂರು ನಟ್ಟುಗಳು ಹಿಡಿದಿರುತ್ತವೆ. ಕೆಳತುದಿಯ ಬ್ರಾಕೆಟ್ಟು ಗಾಲಿಯನ್ನು ಹೊತ್ತ ಸ್ಟೀರಿಂಗ್ ನಕಲ್‌ನ ಎರಡೂ ಬದಿಗೆ ತಬ್ಬಿಕೊಂಡಿದ್ದು, ಎರಡು ದಪ್ಪ ಬೋಲ್ಟುಗಳು ಅಡ್ಡಲಾಗಿ ಹಾದು ಅವೆರಡನ್ನೂ ಬಿಗಿದಿರುತ್ತವೆ. ಬ್ರೇಕ್ ಹಾಕಿದಾಗಿನ ಎಳೆತ, ತಿರುವಿನಲ್ಲಿ ಗಾಲಿಯ ಮೇಲೆ ಬೀಳುವ ಅಡ್ಡ ಒತ್ತಡ, ತಗ್ಗಿಗೆ ಬಿದ್ದಾಗಿನ ಪೆಟ್ಟು ಇವೆಲ್ಲವೂ ಈ ಎರಡು ಬೋಲ್ಟುಗಳ ಕೂಡಿಕೆಯ ಮೂಲಕವೇ ಹಾದುಹೋಗಬೇಕು.

ಬಾಗಿಲಿನ ಅಗಳಿಯಂತೆ ಬೋಲ್ಟು ತೂತಿನಲ್ಲಿ ಅಡ್ಡ ನಿಂತು ಭಾರ ಹೊರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಟ್ಟನ್ನು ತಿರುಗಿಸಿದಂತೆ ಬೋಲ್ಟಿನ ಮೈ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಸ್ಪ್ರಿಂಗಿನಂತೆ ಮರಳಿ ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಬ್ರಾಕೆಟ್ಟನ್ನೂ ನಕಲ್ಲನ್ನೂ ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ಅದುಮಿಟ್ಟ ಆ ಎರಡು ಮೈಗಳ ನಡುವಿನ ಘರ್ಷಣೆಯೇ ಗಾಲಿಯ ಭಾರವನ್ನು ಹೊರುವುದು. ಅದುಮು ಕಡಿಮೆಯಾದರೆ ಬ್ರಾಕೆಟ್ಟು ಜಾರಿ ತೂತಿನ ಅಂಚು ಬೋಲ್ಟಿಗೆ ಬಡಿಯುತ್ತದೆ, ಸಪ್ಪಳ ಬರುತ್ತದೆ, ತೂತು ಅಂಡಾಕಾರಕ್ಕೆ ತಿರುಗುತ್ತದೆ, ಕೊನೆಗೆ ಬೋಲ್ಟು ತುಂಡಾಗುವ ಹಂತಕ್ಕೂ ಬರಬಹುದು. ಬಿಗಿ ಅತಿಯಾದರೆ ಉಕ್ಕು ಮರಳಿ ಕುಗ್ಗಲಾರದಷ್ಟು ಹಿಗ್ಗಿಬಿಡುತ್ತದೆ. ಆಗ ನಟ್ಟು ಬಿಗಿಯಾಗಿದೆ ಎಂದು ಕೈಗೆ ಅನಿಸಿದರೂ ಅದುಮುವ ಶಕ್ತಿಯನ್ನು ನಂಬುವಂತಿಲ್ಲ. “ಇನ್ನೊಂದೀಟು ಬಿಗಿ ಮಾಡಿದ್ರ ಗಟ್ಟಿ ಇರ್ತೈತ್ರಿ” ಎಂದು ಅನೇಕ ಮೇಸ್ತ್ರಿಗಳು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಈ ಒಂದು ಮಾತನ್ನು ಮಾತ್ರ ವಿನಯದಿಂದಲೇ ನಿರಾಕರಿಸಬೇಕು. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಆ ಅದುಮನ್ನು ಸರಿಯಾದ ಅಳತೆಯಲ್ಲಿ ಪಡೆಯುವುದಕ್ಕಾಗಿಯೇ ಇದೆ.

ಬೋಲ್ಟು ಮತ್ತು ನಟ್ಟುಗಳ ಆಯ್ಕೆ

ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿ ಕೆತ್ತಿರುತ್ತದೆ. 8.8 ಎಂದರೆ ಅದರ ಉಕ್ಕು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 800 ನ್ಯೂಟನ್ ಎಳೆತದವರೆಗೆ ತುಂಡಾಗದೆ ತಾಳುತ್ತದೆ ಮತ್ತು ಅದರ ಶೇ. 80ರಷ್ಟು, ಅಂದರೆ 640 ನ್ಯೂಟನ್ ಎಳೆತದವರೆಗೆ ಹಿಗ್ಗಿದರೂ ಮರಳಿ ಮೊದಲಿನ ಉದ್ದಕ್ಕೆ ಬರುತ್ತದೆ ಎಂದರ್ಥ. 10.9ರಲ್ಲಿ ಈ ಅಂಕಿಗಳು 1000 ಮತ್ತು 900. ಹಳೆಯ ಬೋಲ್ಟಿನ ತಲೆಯ ಮೇಲೆ 10.9 ಎಂದಿದ್ದರೆ ಅದರ ಜಾಗಕ್ಕೆ 8.8ರ ಬೋಲ್ಟು ಹಾಕುವುದು ಸಲ್ಲದು. ಕಬ್ಬಿಣದ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಮಾರುವ, ತಲೆಯ ಮೇಲೆ ಯಾವ ಅಂಕಿಯೂ ಇಲ್ಲದ ಬೋಲ್ಟು ಗೇಟಿಗೆ ಸರಿ, ಗಾಲಿಗೆ ಸಲ್ಲದು. ಕಾರಿನ ಮಾದರಿ ಮತ್ತು ತಯಾರಾದ ವರ್ಷವನ್ನು ಹೇಳಿ ಆ ಕಾರಿಗೆಂದೇ ಬಂದ ಬೋಲ್ಟನ್ನು ಬಿಡಿಭಾಗಗಳ ಅಂಗಡಿಯಲ್ಲಿ ಕೇಳಿ ತರಬೇಕು. ಹಳೆಯದನ್ನು ಕೈಯಲ್ಲಿ ಒಯ್ದು ಪಕ್ಕಪಕ್ಕದಲ್ಲಿ ಹಿಡಿದು ನೋಡುವುದು ಇನ್ನೂ ಒಳ್ಳೆಯದು.

ದಪ್ಪ ಮತ್ತು ಉದ್ದ ಒಂದೇ ಇದ್ದ ಮಾತ್ರಕ್ಕೆ ಬೋಲ್ಟು ಅದೇ ಎನ್ನಲಾಗದು. 12 ಮಿಲಿಮೀಟರ್ ದಪ್ಪದ ಬೋಲ್ಟಿನಲ್ಲಿ ಥ್ರೆಡ್ಡಿನ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವಿನ ಅಂತರ ಒಂದರಲ್ಲಿ 1.25 ಮಿಲಿಮೀಟರ್ ಇದ್ದರೆ ಇನ್ನೊಂದರಲ್ಲಿ 1.75 ಇರುತ್ತದೆ. ಇವೆರಡನ್ನು ಬೆರೆಸಿದರೆ ನಟ್ಟು ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ, ಬಲಪ್ರಯೋಗ ಮಾಡಿದರೆ ಥ್ರೆಡ್ಡೇ ಕಿತ್ತುಬರುತ್ತದೆ. ಕೆಲವು ಬೋಲ್ಟುಗಳ ತಲೆಯ ಕೆಳಗೆ ಹಲ್ಲುಹಲ್ಲಾದ ಭಾಗವಿರುತ್ತದೆ. ಅಂಥವನ್ನು ತಿರುಗಿಸಿ ಹಾಕುವಂತಿಲ್ಲ. ನೇರವಾಗಿ ಮೆಲ್ಲನೆ ಬಡಿದು ಕೂಡಿಸಿ, ತಲೆಯನ್ನು ಅಲುಗದಂತೆ ಹಿಡಿದು ನಟ್ಟನ್ನಷ್ಟೇ ತಿರುಗಿಸಬೇಕು. ಮೇಲಿನ ಬೋಲ್ಟಿನ ಮೈ ನಡುವೆ ಸಣ್ಣದಾಗಿದ್ದರೆ ಅಥವಾ ಅದರ ತಲೆಯ ಹತ್ತಿರ ಒಂದು ಬದಿಗೆ ಉಬ್ಬಿದ ಬಿಲ್ಲೆ ಇದ್ದರೆ ಅದು ಗಾಲಿಯ ವಾಲನ್ನು ಸರಿಪಡಿಸಲೆಂದೇ ಮಾಡಿದ ಬೋಲ್ಟು. ಅದನ್ನು ಕೆಳಗಿನ ಬೋಲ್ಟಿನೊಡನೆ ಅದಲು ಬದಲು ಮಾಡಬಾರದು.

ನಟ್ಟುಗಳನ್ನು ಮಾತ್ರ ಪ್ರತಿ ಸಲವೂ ಹೊಸದಾಗಿಯೇ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಬಳಸುವುದು ತಾನಾಗಿಯೇ ಸಡಿಲಾಗದಂತೆ ಒಳಗೆ ನೈಲಾನ್ ಬಳೆ ಇರುವ, ಇಲ್ಲವೇ ಮೇಲಂಚನ್ನು ಸ್ವಲ್ಪ ಹಿಚುಕಿ ಮಾಡಿದ ನಟ್ಟು. ಒಮ್ಮೆ ಬಿಚ್ಚಿದ ಮೇಲೆ ಅದರ ಹಿಡಿತ ಕುಗ್ಗುತ್ತದೆ. ಬೆರಳಿನಿಂದಲೇ ಕೊನೆಯವರೆಗೆ ಸರಾಗವಾಗಿ ತಿರುಗುವ ಅಂಥ ನಟ್ಟನ್ನು ಮರಳಿ ಹಾಕುವ ಯೋಚನೆಯನ್ನೇ ಬಿಡಬೇಕು.

ಕಾರನ್ನು ಎತ್ತುವ ಮೊದಲು

ನವಲಗುಂದ, ನರಗುಂದ, ರೋಣದ ಕಡೆಯವರು ಅಂಗಳದಲ್ಲಿಯೇ ಕಾರು ಎತ್ತುವುದಾದರೆ ನೆನಪಿಡಬೇಕಾದ ಮೊದಲ ಸಂಗತಿ, ಎರೆಮಣ್ಣು ಜಾಕಿಗೆ ಆಸರೆ ಕೊಡುವುದಿಲ್ಲ ಎಂಬುದು. ಬೇಸಿಗೆಯಲ್ಲಿ ಗಟ್ಟಿಯಾಗಿ ಕಂಡರೂ ಅದರಲ್ಲಿ ಬಿರುಕುಗಳಿರುತ್ತವೆ. ಒಂದು ಮಳೆ ಬಿದ್ದರಂತೂ ಜಾಕು ಹೂತುಕೊಳ್ಳುತ್ತ ಒಂದು ಕಡೆಗೆ ವಾಲುತ್ತದೆ. ಸಿಮೆಂಟು ನೆಲ ಅಥವಾ ಹಾಸುಗಲ್ಲಿನ ಅಂಗಳವೇ ಬೇಕು. ಕಾರಿನ ಜೊತೆಗೆ ಬರುವ ಕತ್ತರಿ ಜಾಕು ಗಾಲಿ ಬದಲಿಸುವುದಕ್ಕಷ್ಟೇ ಇರುವುದು. ಅದರ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಇಡಬಾರದು. ಹಿಂದಿನ ಗಾಲಿಗಳಿಗೆ ಎರಡೂ ಬದಿಯಿಂದ ಕಲ್ಲು ಅಥವಾ ಮರದ ತುಂಡು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಯ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಬಳಿಕ ಮುಂಭಾಗವನ್ನು ಎತ್ತಿ ಎರಡೂ ಬದಿಗೆ ಜಾಕ್ ಸ್ಟ್ಯಾಂಡ್ ಕೊಡಬೇಕು. ಎರಡೂ ಬದಿಯನ್ನು ಸಮನಾಗಿ ಎತ್ತುವುದಕ್ಕೆ ಇನ್ನೊಂದು ಕಾರಣವೂ ಇದೆ: ಒಂದೇ ಬದಿ ಎತ್ತಿದರೆ ಎರಡು ಗಾಲಿಗಳನ್ನು ಕೂಡಿಸುವ ಸ್ಟೆಬಿಲೈಸರ್ ಕಂಬಿ ತಿರುಚಿಕೊಂಡು ನಕಲ್ಲನ್ನು ಎಳೆಯುತ್ತಿರುತ್ತದೆ, ಆಗ ತೂತುಗಳು ಒಂದಕ್ಕೊಂದು ಹೊಂದುವುದೇ ಇಲ್ಲ.

ಹಳೆಯ ಬೋಲ್ಟುಗಳನ್ನು ಬಿಚ್ಚುವ ಮೊದಲು ಬ್ರಾಕೆಟ್ಟು ಮತ್ತು ನಕಲ್ ಕೂಡುವ ಅಂಚಿನ ಉದ್ದಕ್ಕೂ ಬಿಳಿ ಬಣ್ಣದಿಂದ ಒಂದು ಗೆರೆ ಎಳೆಯಿರಿ. ಬೋಲ್ಟಿನ ತಲೆ ಕಾರಿನ ಮುಂದುಗಡೆಗಿದೆಯೋ ಹಿಂದುಗಡೆಗಿದೆಯೋ ಎಂಬುದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತಯಾರಕರು ಈ ದಿಕ್ಕನ್ನು ಸುಮ್ಮನೆ ಗೊತ್ತುಮಾಡಿರುವುದಿಲ್ಲ. ತಿರುವುಮುರುವಾಗಿ ಹಾಕಿದ ಉದ್ದನೆಯ ತುದಿ ಬ್ರೇಕ್ ಹೋಸ್‌ಗೋ ಎಕ್ಸಲ್ಲಿನ ರಬ್ಬರ್ ಚೀಲಕ್ಕೋ ತಗಲುವ ಸಾಧ್ಯತೆ ಇರುತ್ತದೆ. ಸ್ಟ್ರಟ್ಟಿಗೆ ಹೊಂದಿಕೊಂಡಿರುವ ಬ್ರೇಕ್ ಹೋಸ್ ಕ್ಲಿಪ್ಪು, ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ತಂತಿ ಮತ್ತು ಸ್ಟೆಬಿಲೈಸರ್ ಲಿಂಕುಗಳನ್ನು ಮೊದಲು ಬಿಡಿಸಬೇಕು. ಬೋಲ್ಟು ಹೊರಬಂದೊಡನೆ ನಕಲ್ ಹೊರಕ್ಕೆ ವಾಲುತ್ತದೆ. ಅದು ಬ್ರೇಕ್ ಹೋಸಿನ ಮೇಲೆ ಜೋತುಬೀಳದಂತೆಯೂ, ಎಕ್ಸಲ್ಲಿನ ಒಳಕೀಲು ಕಳಚಿಬರದಂತೆಯೂ ಗಟ್ಟಿ ತಂತಿಯಿಂದ ಕಟ್ಟಿಡಬೇಕು.

ತುಕ್ಕು ಹಿಡಿದು ಜಗ್ಗದ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡುವುದು ಒಳ್ಳೆಯದು. ಕಲಘಟಗಿ, ಅಳ್ನಾವರ, ಹಾನಗಲ್ಲಿನಂಥ ಮಳೆಯ ಸೀಮೆಯಲ್ಲಿ ಓಡಾಡಿದ ಕಾರುಗಳಿಗೆ ಇದು ಬೇಕೇಬೇಕಾಗುತ್ತದೆ. ಗ್ಯಾಸ್ ಬೆಂಕಿಯಿಂದ ಕಾಯಿಸುವುದನ್ನು ನಾನು ಒಪ್ಪುವುದಿಲ್ಲ. ಪಕ್ಕದಲ್ಲಿಯೇ ರಬ್ಬರು, ಬ್ರೇಕ್ ಎಣ್ಣೆ ಮತ್ತು ಒತ್ತಡದ ಶಾಕ್ ಅಬ್ಸಾರ್ಬರ್ ಇರುತ್ತವೆ. ಕಾದ ಬೋಲ್ಟು ತನ್ನ ಗಡಸುತನವನ್ನೂ ಕಳೆದುಕೊಳ್ಳುತ್ತದೆ.

ಮತ್ತೊಂದು ಎಚ್ಚರಿಕೆ. ಸ್ಟ್ರಟ್ಟಿನ ಮೇಲ್ತುದಿಯ ನಟ್ಟನಡುವೆ ಇರುವ ದೊಡ್ಡ ನಟ್ಟನ್ನು, ಸ್ಪ್ರಿಂಗನ್ನು ಕಂಪ್ರೆಸರ್ ಸಾಧನದಿಂದ ಅದುಮಿ ಹಿಡಿಯದೆ, ಯಾವ ಕಾರಣಕ್ಕೂ ಬಿಚ್ಚಬಾರದು. ಕಾರಿನ ಮುಂಭಾಗದ ಭಾರವನ್ನು ಹೊರುವ ಸ್ಪ್ರಿಂಗು ಆ ಒಂದು ನಟ್ಟಿನ ಕೆಳಗೆ ಅದುಮಿ ಕೂತಿದೆ. ಅದು ಚಿಮ್ಮಿದರೆ ಜೀವಕ್ಕೇ ಅಪಾಯ. ನಮ್ಮ ಕೆಲಸವಿರುವುದು ಅದರ ಸುತ್ತಲಿನ ಎರಡು ಅಥವಾ ಮೂರು ಸಣ್ಣ ನಟ್ಟುಗಳೊಡನೆ ಮಾತ್ರ. ಸ್ಪ್ರಿಂಗನ್ನು ಹೊಸ ಶಾಕ್ ಅಬ್ಸಾರ್ಬರ್‌ಗೆ ವರ್ಗಾಯಿಸುವ ಕೆಲಸವನ್ನು ಸರಿಯಾದ ಸಾಧನವಿರುವ ಗ್ಯಾರೇಜಿನಲ್ಲಿ ಮಾಡಿಸಿ, ಪೂರ್ಣ ಜೋಡಿಸಿದ ಕಂಬವನ್ನು ಮನೆಗೆ ತರುವುದು ಸುರಕ್ಷಿತ.

ಕೂಡುವ ಮೈಗಳನ್ನು ತಿಕ್ಕಿ ಶುಚಿಗೊಳಿಸುವುದು

ನನ್ನ ಕಾರಿನ ನಟ್ಟು ಸಡಿಲಾದದ್ದಕ್ಕೆ ನಿಜವಾದ ಕಾರಣ ನನಗೆ ಕಂಡದ್ದು ಈ ಹಂತದಲ್ಲಿ. ಬೋಲ್ಟು ತೆಗೆದು ಬ್ರಾಕೆಟ್ಟನ್ನು ಸರಿಸಿದಾಗ ನಕಲ್ಲಿನ ಮೈಗೆ ಒಣಗಿದ ಎರೆಮಣ್ಣಿನ ತೆಳ್ಳನೆಯ ಹಪ್ಪಳ ಅಂಟಿಕೊಂಡಿತ್ತು. ಹಸಿಯಿದ್ದಾಗ ಮೇಣದಂತೆ ಮೆತ್ತಿಕೊಂಡು ಒಣಗಿದಾಗ ಇಟ್ಟಿಗೆಯಂತಾಗುವ ಮಣ್ಣು ಅದು. ಅದರ ಮೇಲೆಯೇ ಬ್ರಾಕೆಟ್ಟು ಕೂಡಿಸಿ ನಟ್ಟು ಬಿಗಿದಾಗ ಕೈಗೆ ಬಿಗಿ ಸರಿಯಾಗಿಯೇ ಸಿಕ್ಕಿರುತ್ತದೆ. ಆದರೆ ನಾಲ್ಕಾರು ತಗ್ಗು ದಾಟುವಷ್ಟರಲ್ಲಿ ನಡುವಿನ ಮಣ್ಣು ಪುಡಿಯಾಗಿ ಉದುರುತ್ತದೆ, ಅಷ್ಟು ದಪ್ಪ ಕಡಿಮೆಯಾಗುತ್ತದೆ, ಬೋಲ್ಟು ಹಿಗ್ಗಿದ್ದೇ ಕೂದಲೆಳೆಯಷ್ಟಾದ್ದರಿಂದ ಆ ಹಿಗ್ಗು ಪೂರ್ತಿ ಮಾಯವಾಗುತ್ತದೆ. ತುಕ್ಕಿನ ಚಕ್ಕೆಯೂ, ಎರಡು ಪದರ ಬಳಿದ ಬಣ್ಣವೂ ಇದೇ ರೀತಿ ವರ್ತಿಸುತ್ತವೆ.

ಆದ್ದರಿಂದ ನಕಲ್ಲಿನ ಎರಡೂ ಮೈ, ಬ್ರಾಕೆಟ್ಟಿನ ಒಳಮೈ, ನಟ್ಟು ಮತ್ತು ಬೋಲ್ಟಿನ ತಲೆ ಕೂಡುವ ಜಾಗ ಇವಿಷ್ಟನ್ನೂ ತಂತಿಯ ಬ್ರಶ್ಶಿನಿಂದ ಬರಿ ಲೋಹ ಕಾಣುವವರೆಗೆ ತಿಕ್ಕಿ, ಒಣ ಬಟ್ಟೆಯಿಂದ ಒರೆಸಬೇಕು. ತೂತುಗಳೊಳಗೆ ದುಂಡನೆಯ ಬ್ರಶ್ಶು ಆಡಿಸಬೇಕು. ತೂತು ಅಂಡಾಕಾರಕ್ಕೆ ಸವೆದಿದೆಯೇ, ನಕಲ್ಲಿನಲ್ಲಿ ಬಿರುಕಿದೆಯೇ ಎಂದು ಬೆಳಕು ಹಿಡಿದು ನೋಡಬೇಕು. ಹೊಸ ಸ್ಟ್ರಟ್ಟುಗಳಲ್ಲಿ ಮೇಲಿನ ತೂತು ಕಾರ್ಖಾನೆಯಿಂದಲೇ ಸ್ವಲ್ಪ ಅಗಲವಾಗಿರಬಹುದು, ಅದು ದೋಷವಲ್ಲ. ಸವೆದ ತೂತಿನ ಅಂಚು ಮಾತ್ರ ಹೊಳೆಯುತ್ತ ಒಂದು ಬದಿಗೆ ಎಳೆದಂತೆ ಕಾಣುತ್ತದೆ.

ಥ್ರೆಡ್ಡಿಗೆ ಎಣ್ಣೆ ಹಚ್ಚಬೇಕೇ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಕೈಪಿಡಿಯಲ್ಲಿ ಹಚ್ಚಿರೆಂದು ಸ್ಪಷ್ಟವಾಗಿ ಬರೆಯದಿದ್ದರೆ ಹಚ್ಚಬಾರದು. ನಟ್ಟು ತಿರುಗಿಸಲು ನಾವು ಹಾಕುವ ಶಕ್ತಿಯ ಸುಮಾರು ಶೇ. 90ರಷ್ಟು ಘರ್ಷಣೆಯಲ್ಲಿಯೇ ಹೋಗುತ್ತದೆ, ಉಳಿದ ಹತ್ತರಷ್ಟು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಎಣ್ಣೆಯಿಂದ ಘರ್ಷಣೆ ಕಡಿಮೆಯಾದರೆ ಅದೇ ಅಳತೆಯ ಬಿಗಿಯಲ್ಲಿ ಬೋಲ್ಟು ಬಹಳ ಹೆಚ್ಚು ಹಿಗ್ಗಿಬಿಡುತ್ತದೆ. ತುಕ್ಕು ತಡೆಯುವ ಗ್ರೀಸನ್ನು ಕೆಲಸ ಮುಗಿದ ಮೇಲೆ ಹೊರಗೆ ಉಳಿದ ಥ್ರೆಡ್ಡಿನ ಮೇಲೆ ಸವರಿದರೆ ಸಾಕು.

ಜೋಡಣೆ: ಮೊದಲು ಮೇಲ್ತುದಿ, ಆಮೇಲೆ ಕೆಳಗಿನದು

ಇದಕ್ಕೆ ಇಬ್ಬರು ಬೇಕು. ಒಬ್ಬರು ಗಾಲಿಯ ಗೂಡಿನ ಒಳಗಿನಿಂದ ಸ್ಟ್ರಟ್ಟನ್ನು ಮೇಲಕ್ಕೆತ್ತಿ ಹಿಡಿದರೆ, ಇನ್ನೊಬ್ಬರು ಬಾನೆಟ್ಟಿನ ಕಡೆಯಿಂದ ಹೊರಬಂದ ತುದಿಗಳಿಗೆ ನಟ್ಟು ಹಾಕಬೇಕು. ಕೆಲವು ಕಾರುಗಳಲ್ಲಿ ಮೇಲಿನ ತಟ್ಟೆಯ ಮೇಲೆ ಬಾಣದ ಗುರುತೋ ಸಣ್ಣ ಚುಕ್ಕೆಯೋ ಇದ್ದು ಅದು ನಿಗದಿತ ದಿಕ್ಕಿಗೇ ಬರಬೇಕಾಗುತ್ತದೆ. ಈಗ ಈ ನಟ್ಟುಗಳನ್ನು ಬೆರಳಿನಿಂದ ತಿರುಗುವಷ್ಟು ಮಾತ್ರ ಹಾಕಿ ಬಿಡಬೇಕು. ಮೇಲ್ತುದಿಯಲ್ಲಿ ಸ್ವಲ್ಪ ಆಟವಿದ್ದರೆ ಕೆಳಗಿನ ತೂತುಗಳು ಹೊಂದುವುದು ಸುಲಭ.

ನಂತರ ನಕಲ್ಲನ್ನು ಎತ್ತಿ ಬ್ರಾಕೆಟ್ಟಿನ ನಡುವೆ ತೂರಿಸಿ. ಭಾರವೆನಿಸಿದರೆ ನಕಲ್ಲನ್ನು ಕೆಳಗಿನಿಂದ ಹಿಡಿದಿರುವ ತೋಳಿನ, ಅಂದರೆ ಲೋಯರ್ ಆರ್ಮಿನ, ಕೆಳಗೆ ಇನ್ನೊಂದು ಜಾಕನ್ನಿಟ್ಟು ಮೆಲ್ಲನೆ ಎತ್ತಬಹುದು. ತೂತು ಹೊಂದಿತೇ ಎಂದು ಬೆರಳು ಹಾಕಿ ನೋಡುವ ಅಭ್ಯಾಸ ಬಹಳ ಕೆಟ್ಟದ್ದು. ನಕಲ್ ಜಾರಿದರೆ ಬೆರಳು ಕತ್ತರಿಸಿಹೋಗುತ್ತದೆ. ಚೂಪು ತುದಿಯ ಕಬ್ಬಿಣದ ಸರಳನ್ನು ಮೇಲಿನ ತೂತಿನಲ್ಲಿ ಹಾಯಿಸಿ ಹೊಂದಿಸಿಕೊಂಡು, ಕೆಳಗಿನ ಬೋಲ್ಟನ್ನು ಮೊದಲು ತೂರಿಸಿ, ಬಳಿಕ ಸರಳನ್ನು ತೆಗೆದು ಮೇಲಿನದನ್ನು ಹಾಕಿ. ಬೋಲ್ಟು ಕೈಯಿಂದ, ಹೆಚ್ಚೆಂದರೆ ರಬ್ಬರ್ ಸುತ್ತಿಗೆಯ ಮೆಲುಪೆಟ್ಟಿಗೆ ಒಳಹೋಗಬೇಕು. ಹೋಗದಿದ್ದರೆ ತೂತು ಹೊಂದಿಲ್ಲವೆಂದರ್ಥ. ಕಬ್ಬಿಣದ ಸುತ್ತಿಗೆಯಿಂದ ಬಡಿದರೆ ಥ್ರೆಡ್ಡು ತೂತಿನ ಅಂಚಿಗೆ ಉಜ್ಜಿ ಹಾಳಾಗುತ್ತದೆ.

ನಟ್ಟನ್ನು ಬೆರಳಿನಿಂದಲೇ ಹತ್ತಿಸಬೇಕು. ಮೊದಲು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಥ್ರೆಡ್ಡಿನ ತುದಿ ತನ್ನ ಜಾಗಕ್ಕೆ ‘ಟಿಕ್’ ಎಂದು ಇಳಿದದ್ದು ಗೊತ್ತಾದ ಮೇಲೆ ಮುಂದಕ್ಕೆ ತಿರುಗಿಸಿದರೆ ಅಡ್ಡ ಹತ್ತುವ ಭಯವಿಲ್ಲ. ನೈಲಾನ್ ಬಳೆ ತಗಲುವವರೆಗೂ ಪಾನಾ ಮುಟ್ಟಬಾರದು. ಗಾಳಿಯ ಗನ್ನನ್ನಂತೂ ಹತ್ತಿಸುವುದಕ್ಕೂ ಕೊನೆಯ ಬಿಗಿಗೂ ಬಳಸಲೇಬಾರದು, ಬಿಚ್ಚುವುದಕ್ಕೆ ಬಳಸಿದರೆ ಆಕ್ಷೇಪವಿಲ್ಲ.

ವಾಲು ನೋಡಿ ಬಿಗಿಯುವುದು

ಎದುರಿನಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ ಎಂಬುದನ್ನು ಕ್ಯಾಂಬರ್ ಎನ್ನುತ್ತಾರೆ. ಬೋಲ್ಟಿಗಿಂತ ತೂತು ತುಸು ದೊಡ್ಡದಿರುವುದರಿಂದ ಬಿಗಿಯುವ ಗಳಿಗೆಯಲ್ಲಿ ನಕಲ್ ಎಲ್ಲಿ ನಿಂತಿದೆ ಎಂಬುದರ ಮೇಲೆ ಈ ವಾಲು ನಿರ್ಧಾರವಾಗುತ್ತದೆ. ಎರಡು ಬೋಲ್ಟುಗಳ ನಡುವಿನ ಅಂತರ 55 ಮಿಲಿಮೀಟರ್ ಇದೆಯೆಂದಿಟ್ಟುಕೊಂಡರೆ, ಮೇಲಿನ ಬೋಲ್ಟಿನ ಬಳಿ ಒಂದೇ ಒಂದು ಮಿಲಿಮೀಟರ್ ಸರಿದರೂ ಗಾಲಿ ಸುಮಾರು ಒಂದು ಡಿಗ್ರಿ ವಾಲುತ್ತದೆ. ಟೈರಿನ ಒಂದು ಅಂಚು ಬೇಗ ಸವೆಯುವುದಕ್ಕೆ ಅಷ್ಟು ಸಾಕು. ಹಳೆಯ ಸ್ಟ್ರಟ್ಟನ್ನೇ ಮರಳಿ ಹಾಕುತ್ತಿದ್ದರೆ ಮೊದಲು ಎಳೆದ ಬಿಳಿ ಗೆರೆಗೆ ಹೊಂದಿಸಬೇಕು. ಹೊಸದಾಗಿದ್ದರೆ ನಕಲ್ಲಿನ ಮೇಲ್ಭಾಗವನ್ನು ಒಳಕ್ಕೊಮ್ಮೆ ಹೊರಕ್ಕೊಮ್ಮೆ ತಳ್ಳಿ, ಎರಡರ ನಡುವೆ ನಿಲ್ಲಿಸಿ, ಬಲಕ್ಕೂ ಎಡಕ್ಕೂ ಒಂದೇ ರೀತಿ ಮಾಡಬೇಕು.

ಆ ಸ್ಥಿತಿಯಲ್ಲಿ ಹಿಡಿದುಕೊಂಡೇ ಎರಡೂ ನಟ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿಯುತ್ತ, ಬ್ರಾಕೆಟ್ಟು ನಕಲ್ಲಿಗೆ ಸಮನಾಗಿ ಕೂತುಕೊಳ್ಳುವಂತೆ ನೋಡಿಕೊಳ್ಳಬೇಕು. ಈಗ ಟಾರ್ಕ್ ರಿಂಚನ್ನು, ಅಂದರೆ ಹೊಂದಿಸಿಟ್ಟ ಅಳತೆಯ ಬಿಗಿ ಬಂದೊಡನೆ ‘ಕಟ್’ ಎನ್ನುವ ಪಾನಾವನ್ನು, ಕೈಗೆತ್ತಿಕೊಳ್ಳುವ ಹೊತ್ತು. ಬಿಗಿಯ ಅಳತೆ ಕಾರಿನಿಂದ ಕಾರಿಗೆ ಬೇರೆ: ಕೆಳಗಿನ ಬೋಲ್ಟುಗಳಿಗೆ ಕೆಲವು ಕಾರುಗಳಲ್ಲಿ 80 ನ್ಯೂಟನ್ ಮೀಟರಿನ ಹತ್ತಿರವಿದ್ದರೆ ಕೆಲವಕ್ಕೆ 150ರ ಹತ್ತಿರವಿರುತ್ತದೆ. ಆದ್ದರಿಂದ ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯ ಅಂಕಿಯನ್ನೇ ಹಿಡಿಯಬೇಕು, ನೆರೆಯವರ ಕಾರಿನದನ್ನಲ್ಲ. ಅಂಕಿಯ ಜೊತೆಗಿರುವ ಏಕಮಾನವನ್ನೂ ಓದಬೇಕು. ಒಂದು ಕಿಲೋಗ್ರಾಂ ಮೀಟರ್ ಎಂದರೆ ಸುಮಾರು 9.8 ನ್ಯೂಟನ್ ಮೀಟರ್. ಒಂದು ಫುಟ್ ಪೌಂಡ್ ಎಂದರೆ ಸುಮಾರು 1.36 ನ್ಯೂಟನ್ ಮೀಟರ್. ರಿಂಚಿನ ಮೇಲೆ ಎರಡು ಸಾಲು ಅಂಕಿಗಳಿರುವುದರಿಂದ ತಪ್ಪು ಸಾಲಿಗೆ ಹೊಂದಿಸಿ ಥ್ರೆಡ್ಡು ಹಾಳು ಮಾಡಿಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ.

100 ನ್ಯೂಟನ್ ಮೀಟರ್ ಎಂದರೆ ಎಷ್ಟು ಎಂಬುದು ಕೈಗೆ ತಿಳಿಯಬೇಕಾದರೆ ಹೀಗೆ ಯೋಚಿಸಿ: ಅರ್ಧ ಮೀಟರ್ ಉದ್ದದ ಪಾನಾದ ತುದಿಗೆ 20 ಕಿಲೋ ಜೋಳದ ಚೀಲ ತೂಗಿಬಿಟ್ಟರೆ ಬೀಳುವ ಬಲ ಅದು. ಅದೇ ಪಾನಾಕ್ಕೆ ಒಂದು ಮೀಟರಿನ ಪೈಪು ಸಿಕ್ಕಿಸಿ ಮೈಭಾರ ಹಾಕಿದರೆ ಅಳತೆ ಎಲ್ಲಿಗೆ ಹೋಗುತ್ತದೆಂಬುದನ್ನು ಊಹಿಸಬಹುದು. ಬೋಲ್ಟಿನ ತಲೆಯನ್ನು ರಿಂಗ್ ಪಾನಾದಿಂದ ಹಿಡಿದು, ನಟ್ಟನ್ನು ಮೊದಲು ಕೈಪಿಡಿಯ ಅಳತೆಯ ಅರ್ಧಕ್ಕೆ, ಆಮೇಲೆ ಪೂರ್ತಿ ಅಳತೆಗೆ, ಎರಡೂ ಬೋಲ್ಟಿಗೆ ಸರದಿಯಂತೆ ಬಿಗಿಯಬೇಕು. ರಿಂಚಿನ ಹಿಡಿಕೆಯ ನಡುವೆ ಹಿಡಿದು, ಎಲ್ಲಿಯೂ ಥಟ್ಟನೆ ಜಗ್ಗದೆ ಒಂದೇ ಸಮನೆ ಎಳೆಯಬೇಕು. ‘ಕಟ್’ ಎಂದೊಡನೆ ನಿಲ್ಲಿಸಬೇಕು. ಸಮಾಧಾನಕ್ಕಾಗಿ ಇನ್ನೆರಡು ಸಲ ‘ಕಟ್’ ಅನ್ನಿಸುವುದೆಂದರೆ ಪ್ರತಿ ಸಲವೂ ತುಸು ಹೆಚ್ಚು ಬಿಗಿದಂತೆಯೇ. ಕೆಲವು ಕಾರುಗಳಲ್ಲಿ ನಿಗದಿತ ಬಿಗಿಯ ಮೇಲೆ ಮತ್ತೆ ಇಷ್ಟು ಡಿಗ್ರಿ ತಿರುಗಿಸಬೇಕೆಂದು ಹೇಳಿರುತ್ತದೆ. ಅಂಥ ಬೋಲ್ಟುಗಳು ಬಹುಮಟ್ಟಿಗೆ ಒಂದೇ ಬಳಕೆಗೆ ತಯಾರಾದವು, ಬಿಚ್ಚಿದರೆ ಹೊಸದನ್ನೇ ತರಬೇಕು. ಕೆಲಸ ಮುಗಿದ ಮೇಲೆ ರಿಂಚನ್ನು ಅದರ ಕನಿಷ್ಠ ಅಂಕಿಗೆ ಇಳಿಸಿಡಬೇಕು, ನಟ್ಟು ಬಿಚ್ಚುವುದಕ್ಕೆ ಅದನ್ನು ಬಳಸಬಾರದು.

ಬ್ರೇಕ್ ಹೋಸ್, ಎಬಿಎಸ್ ತಂತಿ, ಸ್ಟೆಬಿಲೈಸರ್ ಲಿಂಕುಗಳನ್ನು ತಿರುಚಿಕೊಳ್ಳದಂತೆ ಮೊದಲಿನ ಜಾಗಕ್ಕೆ ಸೇರಿಸಿ. ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಹೋಸು ಎಲ್ಲಿಯೂ ಬಿಗಿಯುವುದಿಲ್ಲ, ಬೋಲ್ಟಿನ ತುದಿಗೆ ತಗಲುವುದಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಗಾಲಿ ಹಾಕಿ ಕಾರನ್ನು ನೆಲಕ್ಕಿಳಿಸಬಹುದು. ಗಾಲಿಯ ನಟ್ಟುಗಳನ್ನು ನೆಲದ ಮೇಲೆಯೇ, ಎದುರುಬದುರಿನ ಕ್ರಮದಲ್ಲಿ, ಕೈಪಿಡಿಯ ಅಳತೆಗೆ ಬಿಗಿಯಬೇಕು. ಕಾರನ್ನು ಮುಂಭಾಗದಿಂದ ನಾಲ್ಕು ಸಲ ಒತ್ತಿ ಬಿಟ್ಟ ಬಳಿಕ ಬಾನೆಟ್ಟಿನ ಕೆಳಗಿನ ಮೇಲ್ತುದಿ ನಟ್ಟುಗಳಿಗೆ ಕೊನೆಯ ಬಿಗಿ ಕೊಡಬೇಕು. ಇವು ಸಣ್ಣವು, ಇವುಗಳ ಅಳತೆಯೂ ಕೆಳಗಿನವುಗಳಿಗಿಂತ ಬಹಳ ಕಡಿಮೆ. ದೊಡ್ಡ ಪಾನಾ ಹಾಕಿ ಇವುಗಳ ತುದಿ ಮುರಿದರೆ ಮೇಲಿನ ಮೌಂಟನ್ನೇ ಬದಲಿಸಬೇಕಾಗುತ್ತದೆ.

ಬೇರೆ ಬಗೆಯ ಕಾರುಗಳಿದ್ದರೆ

ಇನ್ನೋವಾ ಕ್ರಿಸ್ಟಾದಂಥ ವಾಹನಗಳ ಮುಂಭಾಗದಲ್ಲಿ, ಮೇಲೊಂದು ಕೆಳಗೊಂದು ತೋಳು ನಕಲ್ಲನ್ನು ಹಿಡಿದಿರುವ ಡಬಲ್ ವಿಶ್‌ಬೋನ್ ವ್ಯವಸ್ಥೆ ಇರುತ್ತದೆ. ಅಲ್ಲಿ ಶಾಕ್ ಅಬ್ಸಾರ್ಬರ್‌ನ ಕೆಳತುದಿ ನಕಲ್ಲಿಗಲ್ಲ, ಲೋಯರ್ ಆರ್ಮಿಗೆ, ರಬ್ಬರ್ ಬುಶ್ಶಿನ ನಡುವೆ ಹಾದ ಒಂದೇ ಬೋಲ್ಟಿನಿಂದ ಕೂಡಿರುತ್ತದೆ. ಇದರಲ್ಲಿ ಒಂದು ನಿಯಮ ಮೇಲಿನದಕ್ಕೆ ಪೂರ್ತಿ ಭಿನ್ನ. ಕಾರು ಎತ್ತಿ ಗಾಲಿ ಜೋತುಬಿದ್ದ ಸ್ಥಿತಿಯಲ್ಲಿ ಈ ಬೋಲ್ಟನ್ನು ಪೂರ್ತಿ ಬಿಗಿದರೆ ಬುಶ್ಶಿನ ಒಳಗಿನ ಉಕ್ಕಿನ ಕೊಳವೆ ಅದೇ ಸ್ಥಿತಿಯಲ್ಲಿ ಸ್ಥಿರವಾಗಿಬಿಡುತ್ತದೆ. ಕಾರು ನೆಲಕ್ಕಿಳಿದೊಡನೆ ರಬ್ಬರು ತಿರುಚಿಕೊಂಡು ಸದಾ ಎಳೆತದಲ್ಲಿಯೇ ಇರಬೇಕಾಗುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹಾಗಾಗಿ ನಟ್ಟನ್ನು ಸಾಧಾರಣವಾಗಿ ಹತ್ತಿಸಿ, ಕಾರಿನ ಪೂರ್ಣ ಭಾರ ಗಾಲಿಯ ಮೇಲೆ ಬಂದ ಬಳಿಕ, ಅಥವಾ ಆರ್ಮನ್ನು ಜಾಕಿನಿಂದ ಅಷ್ಟೇ ಎತ್ತರಕ್ಕೆ ಎತ್ತಿಕೊಂಡ ಬಳಿಕ, ಕೊನೆಯ ಬಿಗಿ ಕೊಡಬೇಕು. ಮ್ಯಾಕ್‌ಫರ್ಸನ್ ಸ್ಟ್ರಟ್ಟಿನ ಎರಡು ಬೋಲ್ಟುಗಳಲ್ಲಿ ರಬ್ಬರು ಇಲ್ಲವಾದ್ದರಿಂದ ಅವುಗಳಿಗೆ ಈ ಕಟ್ಟುಪಾಡಿಲ್ಲ.

ಓಡಿಸಿ ನೋಡಿ ಮತ್ತೆ ಪರೀಕ್ಷಿಸುವುದು

ಬಿಗಿದ ಪ್ರತಿ ನಟ್ಟಿನಿಂದ ಬ್ರಾಕೆಟ್ಟಿನ ಮೈಯವರೆಗೆ ಬಿಳಿ ಅಥವಾ ಹಳದಿ ಬಣ್ಣದಿಂದ ಒಂದು ಗೆರೆ ಎಳೆದಿಡಿ. ನಟ್ಟು ಒಂದಿಷ್ಟು ತಿರುಗಿದರೂ ಗೆರೆ ಎರಡಾಗಿ ಒಡೆದು ಕಾಣುತ್ತದೆ. ಮುಂದೆ ಪಾನಾ ಹಾಕದೆಯೇ ಕಣ್ಣಿನಿಂದ ಪರೀಕ್ಷಿಸಬಹುದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಮೊದಲ ದಿನ ಅಷ್ಟು ದೂರ ನಿಧಾನವಾಗಿ ಹೋಗಿಬಂದು, ಗಾಜು ಇಳಿಸಿಟ್ಟು, ರಸ್ತೆಯುಬ್ಬುಗಳ ಮೇಲೂ ಬ್ರೇಕ್ ಹಾಕುವಾಗಲೂ ಸಪ್ಪಳಕ್ಕೆ ಕಿವಿಗೊಡಿ. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಗೆರೆಗಳನ್ನು ನೋಡಿ, ಟಾರ್ಕ್ ರಿಂಚನ್ನು ಅದೇ ಅಳತೆಗೆ ಹೊಂದಿಸಿ ಇನ್ನೊಮ್ಮೆ ತಾಗಿಸಿ ಪರೀಕ್ಷಿಸಿ. ನಟ್ಟು ಅಲುಗದೆ ‘ಕಟ್’ ಎಂದರೆ ಕೂಡಿಕೆ ಚೆನ್ನಾಗಿ ಕೂತಿದೆ. ಅದಕ್ಕೆ ಮೊದಲೇ ನಟ್ಟು ತಿರುಗಿದರೆ ಸುಮ್ಮನೆ ಬಿಗಿದು ಬಿಡಬೇಡಿ, ಬಿಚ್ಚಿ ನಡುವೆ ಮಣ್ಣೋ ತುಕ್ಕೋ ಉಳಿದಿದೆಯೇ ನೋಡಿ.

ಈ ಬೋಲ್ಟುಗಳನ್ನು ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯ, ಏಕೆಂದರೆ ವಾಲು ಬದಲಾದರೆ ಗಾಲಿಗಳ ಮುಂದಿನ ದಿಕ್ಕೂ ಅದರೊಡನೆ ಬದಲಾಗುತ್ತದೆ. ಅಲ್ಲಿ ಒಂದು ಸಂಗತಿಯ ಮೇಲೆ ಕಣ್ಣಿಡಬೇಕು. ಕ್ಯಾಂಬರ್ ಸರಿಪಡಿಸಲು ಅಲ್ಲಿಯವರು ನೀವು ಅಷ್ಟು ಜತನದಿಂದ ಬಿಗಿದ ಇದೇ ಎರಡು ನಟ್ಟುಗಳನ್ನು ಸಡಿಲಿಸಿ, ಗಾಲಿಯನ್ನು ತುಸು ಸರಿಸಿ, ಮರಳಿ ಬಿಗಿಯುತ್ತಾರೆ. ಆ ಬಿಗಿ ಬಹಳ ಸಲ ಕೈಯಂದಾಜಿನದಾಗಿರುತ್ತದೆ. ನಿಮ್ಮ ಕಾರಿನ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಟಾರ್ಕ್ ರಿಂಚನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೋಗಿ. ಯಂತ್ರದ ಪರದೆಯ ಮೇಲೆ ಅಂಕಿಗಳು ಸರಿಬಂದ ಬಳಿಕ ಕೊನೆಯ ಬಿಗಿಯನ್ನು ಆ ರಿಂಚಿನಿಂದಲೇ ಕೊಡುವಂತೆ ಕೇಳಿ, ಬಣ್ಣದ ಗೆರೆಯನ್ನು ಅಲ್ಲಿಯೇ ಹೊಸದಾಗಿ ಎಳೆದು ಬನ್ನಿ.